ದೋಣಿಯಿದ್ದ ಪುಟ

ಸಾಸಿವೆ ಎಣ್ಣೆಯ ವಾಸನೆ ನಮ್ಮ ಮನೆಯದಲ್ಲ. ತುರ್ವಿಹಾಳದ ನಮ್ಮ ಮನೆಗೆ ಕುಸುಬಿ ಎಣ್ಣೆಯ ವಾಸನೆ ಇತ್ತು, ಕುಟ್ಟಿದ ಕೆಂಪು ಖಾರದ ಘಾಟು ಇತ್ತು, ಸುಗ್ಗಿ ಮುಗಿದ ಮೇಲೆ ಪಡಸಾಲೆ ತುಂಬ ಒಟ್ಟಿದ ಭತ್ತದ ಚೀಲಗಳ ಬೆಚ್ಚನೆಯ ಧೂಳಿನ ವಾಸನೆ ಇತ್ತು. ಆದರೂ ಹೋದ ತಿಂಗಳು ನನ್ನ ತಮ್ಮ ಲಿಂಗಸುಗೂರಿನ ನನ್ನ ಕ್ವಾರ್ಟರ್ಸಿಗೆ ಬಂದು, ಹಳೇ ಟವೆಲಿನಲ್ಲಿ ಸುತ್ತಿದ ಗಂಟು ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ಸಾಸಿವೆ ಎಣ್ಣೆಯೇ. ಹತ್ತಿರ ಹತ್ತಿರ ನಲವತ್ತು ವರ್ಷ ಗೋಡೆಯ ಮಾಡದೊಳಗೆ ಕೂತರೂ ಹೋಗದ ವಾಸನೆ. "ಮನಿ ಕೆಡವಾಕತ್ತೀವಲ್ಲಕ್ಕ, ಆಯಿ ಕೋಣ್ಯಾಗಿನ ಮಾಡದಾಗ ಸಿಕ್ತು. ಬಂಗಾಲಿ ಪುಸ್ತಕ. ನಮಗ್ಯಾಕ, ಒಗದಬಿಡ್ಲೇನು?" ಎಂದ. ಬೇಡ ಎಂದೆ. ಮೆಲ್ಲಗೆ ಹೇಳಬಹುದಾದದ್ದನ್ನು ಕೂಗಿಯೇ ಹೇಳಿದೆನೇನೋ, ಅವನು ನನ್ನ ಮುಖವನ್ನೇ ನೋಡಿದ. ಅದೆಲ್ಲ ನಡೆದಾಗ ಅವನಿಗೆ ಇನ್ನೂ ಮೂರು ವರ್ಷ. ಆ ಪುಸ್ತಕಕ್ಕೆ ನಾನು ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ.

ಅದು ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಭಾರದ, ದಪ್ಪ ರಟ್ಟಿನ ಪುಸ್ತಕ. ಪೂರ್ವ ಪಾಕಿಸ್ತಾನ ಎಂಬ ನಾಡು ತನ್ನದೇ ದೇಶದ ಸೈನ್ಯದ ಕೈಯಲ್ಲಿ ಸುಟ್ಟು, ಕೊನೆಗೆ ಬೇರೆ ದೇಶವಾದ ಚರಿತ್ರೆ ಅದರಲ್ಲಿತ್ತು. ಪುಟಕ್ಕೊಂದು ಚಿತ್ರ. ಯುದ್ಧ ಎಂದರೆ ರಾಜರು ಆನೆ ಮೇಲೆ ಕೂತು ಮಾಡುವ ಕೆಲಸ ಎಂದುಕೊಂಡಿದ್ದ ನನಗೆ, ಯುದ್ಧದಲ್ಲಿ ಜನ ಕೊಡ, ಚಾಪೆ, ಕೋಳಿ ಹೊತ್ತುಕೊಂಡು ಕೆಸರಿನಲ್ಲಿ ನಡೆಯುತ್ತಾರೆಂದು ಗೊತ್ತಾದದ್ದು ಆ ಪುಸ್ತಕದಿಂದ. ಒಂದು ಪುಟದಲ್ಲಿ ಮುದುಕಿಯೊಬ್ಬಳನ್ನು ಬುಟ್ಟಿಯಲ್ಲಿ ಕೂಡಿಸಿ ಇಬ್ಬರು ಹೊತ್ತು ನಡೆದಿದ್ದರು. ಇನ್ನೊಂದರಲ್ಲಿ ಸುಟ್ಟ ಮನೆಯ ಮುಂದೆ ಒಂದು ಹಿತ್ತಾಳೆ ತಂಬಿಗೆ ಮಾತ್ರ ನೆಟ್ಟಗೆ ನಿಂತಿತ್ತು, ನಮ್ಮ ಮನೆಯ ತಂಬಿಗೆಯಂಥದ್ದೇ. ಅದನ್ನು ನೋಡಿದ ಮೇಲೆ ನಾಲ್ಕು ದಿನ ನಾನು ತಂಬಿಗೆಯಲ್ಲಿ ನೀರು ಕುಡಿಯಲಿಲ್ಲ. ಅಕ್ಷರ ಮಾತ್ರ ಒಂದೂ ತಿಳಿಯುತ್ತಿರಲಿಲ್ಲ. ಶಾಲೆಯಿಂದ ಮಸ್ಕಿಗೆ ಕರೆದೊಯ್ದು ಬೆಟ್ಟದ ಶಾಸನ ತೋರಿಸಿದಾಗಲೂ ನನಗೆ ಹಾಗೇ ಅನ್ನಿಸಿತ್ತು. ಬರೆದದ್ದು ಕಣ್ಣೆದುರಿಗೇ ಇರುತ್ತದೆ, ಆದರೆ ಯಾರೋ ಓದಿ ಹೇಳಿದ್ದನ್ನೇ ನಾವು ನಂಬಬೇಕು.

ಪುಸ್ತಕ ಶೆಫಾಲಿ ದೀದಿಯದು, ಅದರ ಸಾಸಿವೆ ಎಣ್ಣೆಯ ವಾಸನೆಯೂ ಅವಳ ಮನೆಯದೇ. ಸಿಂಧನೂರಿನ ಆರ್.ಎಚ್. ಕ್ಯಾಂಪಿನವಳು. ಆ ನಾಡಿನಿಂದ ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟು ಕೂಡಿಸಿತ್ತು. ಕಾಲುವೆ ನೀರು ಬಂದು ನಮ್ಮ ಜೋಳದ ಹೊಲ ಗದ್ದೆಯಾದ ಹೊಸದರಲ್ಲಿ, ಭತ್ತದ ಸಸಿ ಹಚ್ಚುವ ಹೆಣ್ಣಾಳುಗಳ ಗುಂಪಿನಲ್ಲಿ ಅವಳು ನಮ್ಮ ಗದ್ದೆಗೆ ಬಂದಳಂತೆ. ಆಯಿ, ಎಂದರೆ ನನ್ನ ತಂದೆಯ ತಾಯಿ, ಜೋಳ ಬಿತ್ತಿ ಮುದುಕಿಯಾದವಳು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿಯನ್ನು ಹೂತಿಡುವಂತೆ ಒತ್ತುತ್ತಿದ್ದಳು. ದೀದಿ ಅವಳ ಕೈ ಹಿಡಿದು, ಬೇರು ಮಾತ್ರ ಮುಳುಗಬೇಕು ಎಂದು ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದ ಆ ದಿನದಿಂದಲೇ ಇಬ್ಬರಿಗೂ ಬಿದ್ದಿತು ಗಂಟು. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ದೀದಿ ನಮ್ಮ ಕನ್ನಡ ಕಲಿತಿದ್ದಳು, ಆದರೆ ಮನುಷ್ಯರನ್ನೆಲ್ಲ 'ಬಂತು, ಹೋತು' ಎನ್ನುತ್ತಿದ್ದಳು. ಆಯಿಯನ್ನು ಮಾ ಎಂದು, ನನ್ನನ್ನು ಖುಕಿ ಎಂದು ಕರೆಯುತ್ತಿದ್ದಳು. ಖುಕಿ ಎಂದರೆ ಅವರಲ್ಲಿ ಸಣ್ಣ ಹುಡುಗಿ. ಕ್ಯಾಂಪಿನ ಅರ್ಧ ಹೆಂಗಸರಿಗೆ ಊರಿಂದ ಬಂದ ಕಾಗದ ಓದಿ ಹೇಳಿ, ಉತ್ತರ ಬರೆದುಕೊಡುವವಳು ಅವಳೇ. ಅವಳಿಗೆ ಮಾತ್ರ ಕಾಗದ ಬರುತ್ತಿರಲಿಲ್ಲ.

ಅವಳ ತಮ್ಮ ನಿತಾಯ್ ಆ ನಾಡಿನಲ್ಲೇ ಉಳಿದಿದ್ದ. ಇವಳು ಗಂಡನ ಜೊತೆ ಮೊದಲೇ ಗಡಿ ದಾಟಿದಳು, ತಮ್ಮ ಮನೆ ಕಾಯುತ್ತೇನೆಂದು ಹಿಂದೆ ನಿಂತ. ಆಮೇಲೆ ಯುದ್ಧ ಬಂತು. ಎಷ್ಟೋ ವರ್ಷಗಳ ಮೇಲೆ ಕಲ್ಕತ್ತೆಗೆ ಹೋದ ಸಂಬಂಧಿಕರೊಬ್ಬರು ತಂದುಕೊಟ್ಟ ಈ ಪುಸ್ತಕದಲ್ಲಿ ಅವಳಿಗೆ ಅವನು ಸಿಕ್ಕ. ನದಿಯ ದಡದಲ್ಲಿ ಜನ ತುಂಬಿದ ಒಂದು ದೋಣಿ, ಅದರ ತುದಿಯಲ್ಲಿ ಲುಂಗಿ ಎತ್ತಿ ಕಟ್ಟಿದ ಒಬ್ಬ ಹುಡುಗ. ಮುಖ ಆಚೆ ತಿರುಗಿದೆ, ಕಾಣುವುದು ಒಂದು ಕಿವಿ. "ಕಿವಿ ನೋಡು ಖುಕಿ, ಈಗ ನಂದು ನೋಡು," ಎಂದು ಕೂದಲು ಸರಿಸಿ ತೋರಿಸುತ್ತಿದ್ದಳು. ಅವಳ ಕಿವಿ ಅಗಲವಾಗಿ ಮುಂದಕ್ಕೆ ಬಾಗಿತ್ತು. ಚಿತ್ರದ್ದೂ ಬಾಗಿತ್ತು, ನಿಜ ಹೇಳಬೇಕೆಂದರೆ ಬಿಸಿಲಿಗೆ ಯಾರ ಕಿವಿಯೂ ಹಾಗೆ ಕಾಣಬಹುದು. ಅವಳ ಗಂಡನಿಗೆ ಆ ಪುಸ್ತಕ ಮನೆಯಲ್ಲಿದ್ದರೆ ತುತ್ತು ಇಳಿಯುತ್ತಿರಲಿಲ್ಲ, ಸುಟ್ಟುಬಿಡುತ್ತೇನೆ ಎಂದಿದ್ದನಂತೆ. ಅದಕ್ಕೇ ಅದು ನಮ್ಮ ಆಯಿಯ ಮಾಡಕ್ಕೆ ಬಂತು. ವಾರಕ್ಕೊಮ್ಮೆ ದೀದಿ ಬಂದು, ಕೈ ತೊಳೆದು, ಆ ಒಂದೇ ಪುಟ ತೆಗೆದು ಕೂರುತ್ತಿದ್ದಳು. ಚಿತ್ರದ ಕೆಳಗೆ ಅಕ್ಷರಗಳಿರಬೇಕಾದ ಕಡೆ ಒಂದು ಬಿಳಿ ಕಾಗದದ ಚೂರು ಅಂಟಿಸಿತ್ತು. ಇದೇನು ಎಂದು ಒಮ್ಮೆ ಕೇಳಿದೆ. "ಹಾಳಿ ಹರೀತು, ಹಚ್ಚೀನಿ," ಎಂದಳು. ಅನ್ನದ ಅಗುಳಿನಿಂದ ಹಚ್ಚಿದ್ದು, ಬೆರಳಾಡಿಸಿದರೆ ಒಳಗೆ ಗಂಟುಗಂಟಾಗಿ ಸಿಗುತ್ತಿತ್ತು. ಹೊರಡುವಾಗ ಅವಳು ಆ ಚೂರನ್ನು ಹೆಬ್ಬೆರಳಿಂದ ಒಮ್ಮೆ ಗಟ್ಟಿಯಾಗಿ ಒತ್ತಿಯೇ ಪುಸ್ತಕ ಮುಚ್ಚುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷದ ಮಾನಾಮಿ ಅಮಾಸಿ. ಅಂದು ಸತ್ತ ಹಿರಿಯರು ಮನೆಗೆ ಬಂದು ಉಂಡು ಹೋಗುತ್ತಾರೆ ಎಂದು ನಮ್ಮಲ್ಲಿ ಎಡಿ ಇಡುತ್ತಾರೆ. ಗೋಡೆಯಿಂದ ಮುತ್ಯಾನ, ಎಂದರೆ ಅಜ್ಜನ, ಫೋಟೋ ಇಳಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೊಸ ಧೋತರ ಇಟ್ಟು, ಮುಂದೆ ಹೋಳಿಗೆ ಅನ್ನ ಬಡಿಸಿದ ಬಾಳೆಎಲೆ. ಅಮಾಸಿಯಂದು ಯಾರೂ ಗದ್ದೆಗೆ ಇಳಿಯುವುದಿಲ್ಲವಾದ್ದರಿಂದ ದೀದಿಯನ್ನೂ ಉಣ್ಣಲು ಕರೆದಿದ್ದೆವು. ಆಯಿ ಎಲೆ ಹಾಸುತ್ತಿದ್ದವಳು ಸುಮ್ಮನೆ ನಿಂತು, "ಆ ಹುಡುಗಗ ಯಾರ್ ಇಡ್ತಾರಬೇ ಎಡಿ? ಹಸಗೊಂಡು ತಿರಗತಿರತೈತಿ ಜೀವ. ಹೋಗು, ಆ ಪುಸ್ತಕ ತಗೊಂಡು ಬಾ," ಎಂದಳು. ನಾನು ಓಡಿಹೋಗಿ ತಂದು, ದೋಣಿಯ ಪುಟ ತೆಗೆದು ಮುತ್ಯಾನ ಪಕ್ಕದಲ್ಲಿ ಗೋಡೆಗೆ ಆನಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಮನೆಯಲ್ಲಿ ಬಲು ಶಾಣ್ಯಾಕಿ ಎಂದು ಹೆಸರಾದವಳು, ಯಾರೂ ಹೇಳದೆಯೇ ಕುಂಕುಮದ ಬಟ್ಟಲಿಗೆ ಎರಡು ಹನಿ ನೀರು ಹಾಕಿ, ಕಲಸಿ, ಆ ಹುಡುಗನ ತಲೆಯ ಮೇಲೆ ಬೊಟ್ಟಿಟ್ಟೆ. ಮುತ್ಯಾನ ಫೋಟೋಕ್ಕೆ ಗಾಜಿತ್ತು, ಮರುದಿನ ಒರೆಸಿದರೆ ಹೋಗುತ್ತಿತ್ತು. ಪುಸ್ತಕಕ್ಕೆ ಗಾಜಿಲ್ಲ ಎಂಬುದು ಹಚ್ಚಿದ ಮೇಲೆ ಹೊಳೆಯಿತು.

ದೀದಿ ಹೊಸ ಸೀರೆ ಉಟ್ಟು, ಕೈಯಲ್ಲಿ ಬೆಲ್ಲದುಂಡೆಯ ಡಬ್ಬಿ ಹಿಡಿದು ನಗುತ್ತ ಒಳಗೆ ಬಂದಳು. ಎಡಿಯ ಕಡೆ ನೋಡಿದಳು. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಕೂತು, ಸೆರಗಿನ ತುದಿಯಿಂದ ಆ ಬೊಟ್ಟನ್ನು ಒರೆಸಿದಳು. ಒರೆಸಿದಷ್ಟೂ ಅದು ಹರಡಿ ಕಿವಿಯ ತನಕ ಕೆಂಪಾಯಿತು. "ಮಾ, ನಿತಾಯ್ ಸತ್ತಿಲ್ಲ. ಸತ್ತವರಿಗೆ ಹಚ್ಚೋದು ಅದಕ್ಕ ಯಾಕ ಹಚ್ಚಿದಿ?" ಎಂದಳು. ಹಚ್ಚಿದವಳು ನಾನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಯಿಯೂ ನನ್ನ ಹೆಸರು ಹೇಳಲಿಲ್ಲ. "ಸತ್ತಾನಂತ ಅಲ್ಲವ್ವಾ, ಹಸದಿದ್ರ ಉಣ್ಣಲಿ ಅಂತ," ಎಂದಳು. ಅಷ್ಟಕ್ಕೆ ನಿಲ್ಲಿಸದೆ, ತಪ್ಪಾಯಿತೆಂದು ಗೊತ್ತಾದ ಮನುಷ್ಯರು ಆಡುವಂಥ ಒಂದು ಮಾತು ಆಡಿದಳು: "ಇದ್ದಿದ್ರ ಇಷ್ಟು ವರ್ಷಕ್ಕ ಒಂದು ಕಾಗದ ಬರ್ತಿದ್ದಿಲ್ಲೇನು, ನೀನ ಹೇಳು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೀದಿ ಪುಸ್ತಕವನ್ನು ಮುಟ್ಟದೆ, ಉಣ್ಣದೆ ಎದ್ದು ಹೋದಳು. ಬೆಲ್ಲದುಂಡೆಗಳನ್ನು ತಮ್ಮ ಒಬ್ಬನೇ ತಿಂದ.

ಅದರ ಮುಂದಿನ ಹಂಗಾಮಿನಲ್ಲಿ ಅವಳು ನಮ್ಮ ಗದ್ದೆಗೆ ಬರಲಿಲ್ಲ, ಮುಕ್ಕುಂದದ ಕಡೆಯ ಗದ್ದೆಗಳಿಗೆ ಹೋಗುತ್ತಾಳೆಂದು ಸುದ್ದಿ ಬಂತು. ಆಯಿ ಬೇರೆ ಆಳುಗಳ ಮೇಲೆ ಸಿಡುಕಿದಳು, ಸಸಿ ಓರೆಯಾಗಿದೆ ಎಂದು ತಾನೇ ಇಳಿದು ಕಿತ್ತು ಹಚ್ಚಿದಳು. ಕಡೆಗೆ ಒಂದು ದಿನ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ, ಅಪ್ಪನ ಸೈಕಲ್ ಮೇಲೆ ನನ್ನನ್ನು ಕ್ಯಾಂಪಿಗೆ ಕಳಿಸಿದಳು. ಅಪ್ಪ ರಸ್ತೆಯಲ್ಲೇ ನಿಂತ. ದೀದಿ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. ಕೈ ತೊಳೆದು ಬಂದು, ಟವೆಲು ಪೂರ್ತಿ ಬಿಚ್ಚದೆ, "ಖುಕಿ, ನಾ ಹಚ್ಚಿದ ಕಾಗದ ಯಾರೂ ಬಿಚ್ಚಿಲ್ಲಲ್ಲ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾದ್ರ ನಿಮ್ಮಲ್ಲೇ ಇರಲಿ. ಮಾಗ ಹೇಳು, ನಂಗ ಸಿಟ್ಟಿಲ್ಲ." ಕುಂಕುಮ ಹಚ್ಚಿದ್ದು ನಾನು ಎಂದು ಹೇಳಲೆಂದೇ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೇಳದೆ ಬಂದೆ. ಮುಂದಿನ ವರ್ಷ ಅವಳು ಮತ್ತೆ ನಮ್ಮ ಗದ್ದೆಗೆ ಇಳಿದಳು, ಆಯಿಯ ಪಕ್ಕದಲ್ಲೇ ಸಾಲು ಹಿಡಿದಳು, ಇಬ್ಬರೂ ಎಲೆ ಅಡಿಕೆ ಹಂಚಿಕೊಂಡರು. ಆದರೆ ಆಯಿಯ ಕೋಣೆಗೆ ಅವಳು ಮತ್ತೆಂದೂ ಕಾಲಿಡಲಿಲ್ಲ, ಪುಸ್ತಕ ಕೇಳಲಿಲ್ಲ. ಕೇಳಿಯಾಳೆಂದು ಆಯಿ ಕಾದಳು. ಎಷ್ಟೋ ವರ್ಷದ ಮೇಲೆ ಆಯಿ ಹೋದಳು, ನಾನು ನರ್ಸಿಂಗ್ ಓದಲು ಹೋದೆ, ಗದ್ದೆ ಪಾಲಾಯಿತು, ಮಾಡಕ್ಕೆ ಯಾರೋ ಬಾಗಿಲು ಹಾಕಿ ಸುಣ್ಣ ಹೊಡೆದರು. ದೀದಿ ತೀರಿಕೊಂಡದ್ದೂ ನನಗೆ ತಡವಾಗಿ ತಿಳಿಯಿತು. ಈಗ ಆ ಮನೆಯೂ ಇಲ್ಲ. ಇಬ್ಬರು ಕೂತು ಎಲೆ ಮೆಲ್ಲುತ್ತಿದ್ದ ಕಟ್ಟೆಯ ಜಾಗದಲ್ಲಿ ಜಲ್ಲಿಕಲ್ಲು ಸುರಿದಿದ್ದಾರೆ.

ತಮ್ಮ ಹೋದ ಮೇಲೆ ಪುಟ ತೆಗೆದೆ. ಕುಂಕುಮ ಕಂದಾಗಿತ್ತು, ಹೋಗಿರಲಿಲ್ಲ. ಬಿಳಿ ಚೂರು ಮಾತ್ರ ಸಡಿಲವಾಗಿ ನನ್ನ ಮಡಿಲಿಗೆ ಬಿತ್ತು, ಅನ್ನವನ್ನು ಹುಳ ತಿಂದಿತ್ತು. ಅದರ ಕೆಳಗೆ ಹಾಳೆ ಹರಿದೇ ಇರಲಿಲ್ಲ. ಎರಡು ಸಾಲು ಅಕ್ಷರಗಳು ನೆಟ್ಟಗೆ ನಿಂತಿದ್ದವು. ಇದನ್ನು ಓದಿಸುತ್ತೇನೆಂದು ತಮ್ಮನಿಗೆ ಫೋನಿನಲ್ಲಿ ಹೇಳಿ, ರಜೆಯ ದಿನ ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿಯ ಬೆಟ್ಟ ದಾಟುವ ತನಕವೂ ಇಳಿದು ತಿರುಗಿ ಹೋಗಿಬಿಡಲೇ ಎಂದುಕೊಳ್ಳುತ್ತಿದ್ದೆ. ಕ್ಯಾಂಪಿನಲ್ಲಿ ದೀದಿಯ ಮೊಮ್ಮಗಳು ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಮ್ಮ ಹಾಗೇ ಮಾತಾಡುತ್ತಾಳೆ, ಕನ್ನಡ ಶಾಲೆಯಲ್ಲಿ ಓದಿದವಳು, ಬಂಗಾಲಿ ಅಕ್ಷರ ಬಾರದು. ಪಕ್ಕದ ಅಂಗಡಿಯ ಮುದುಕರೊಬ್ಬರನ್ನು ಕರೆದಳು. ಅವರು ಕನ್ನಡಕ ಏರಿಸಿ ತಮ್ಮ ಭಾಷೆಯಲ್ಲಿ ಓದಿ, ನಮಗೆ ಕನ್ನಡದಲ್ಲಿ ಹೇಳಿದರು: "ದೋಣಿ ಬಿಡೋ ಮೊದಲು ತೆಗೆದ ಫೋಟೋ. ಈ ದೋಣಿಯಾಗಿದ್ದವರು ಒಬ್ಬರೂ ಆಚೆ ದಡ ಮುಟ್ಟಲಿಲ್ಲ, ಅಂತ ಐತಿ."

ಕ್ಯಾಂಪಿನ ಕಾಗದವನ್ನೆಲ್ಲ ಓದಿದವಳು ಇದನ್ನು ಓದದೆ ಬಿಟ್ಟಿರಲಿಲ್ಲ. ಪುಸ್ತಕ ಕೈಗೆ ಬಂದ ಮೊದಲ ದಿನವೇ ಓದಿದ್ದಳು. ಓದಿ, ಒಲೆಯ ಮೇಲಿನ ಗಡಿಗೆಯಿಂದ ನಾಲ್ಕು ಅಗುಳು ತೆಗೆದು, ತಮ್ಮನನ್ನು ಬದುಕಿಸಿಕೊಂಡಿದ್ದಳು. ನಾನು ಒಂದು ಬೊಟ್ಟಿನಿಂದ ಆ ಎರಡು ಸಾಲನ್ನು ಅವಳಿಗೆ ಮತ್ತೆ ಓದಿ ಹೇಳಿದ್ದೆ. ಮೊಮ್ಮಗಳು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. "ಅಜ್ಜಿ ಸಾಯೋತನಕ ರೇಷನ್ ಕಾರ್ಡ್ ಮಾಡೋರ ಕೂಡ ಜಗಳಾಡ್ತಿದ್ಲು ಸಿಸ್ಟರ್," ಎಂದಳು. "ನನ್ನ ತಮ್ಮ ಬರೋದೈತಿ, ಅದರ ಹೆಸರೂ ಹಚ್ಚರಿ ಅಂತ. ನಾವು ನಗತಿದ್ವಿ." ಅಂದು ಪುಸ್ತಕ ತಂದಾಗ ದೀದಿ ಆಡಿದ ಮಾತು ಹೇಳಿ, ಈಗಲಾದರೂ ನೀನು ತೆಗೆದುಕೋ ಎಂದೆ. ಬೇಡವೆಂದು ತಲೆಯಾಡಿಸಿದಳು. "ನಿಮ್ಮಲ್ಲೇ ಇಡಂತ ಆಕೀನ ಹೇಳ್ಯಾಳಲ್ರೀ."

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಮಾಡಿಟ್ಟ ಅನ್ನ ಆರಿತ್ತು. ಆಸ್ಪತ್ರೆಯಲ್ಲಿ ಎಷ್ಟು ಮನೆಯವರಿಗೆ ಸಾವಿನ ಸುದ್ದಿ ಹೇಳಿದ್ದೇನೋ ಲೆಕ್ಕವಿಲ್ಲ. ಅಂದು ನಾಲ್ಕು ಅಗುಳು ತೆಗೆದು ಹಿಸುಕಿದೆ. ಚೂರಿನ ಹಿಂದೆ ತೆಳ್ಳಗೆ ಸವರಿ, ಹಳೆಯ ಕಲೆಗೆ ಸರಿಯಾಗಿ ಕೂಡಿಸಿ, ಆ ಎರಡು ಸಾಲು ಪೂರ್ತಿ ಮುಚ್ಚಿತೇ ಎಂದು ನೋಡಿ, ಹೆಬ್ಬೆರಳಿಂದ ಒತ್ತಿ ಹಿಡಿದೆ. ಅಷ್ಟರಲ್ಲಿ ಫೋನು ಬಂತು. ತಮ್ಮ. ಎಡಗೈಯಲ್ಲಿ ಎತ್ತಿಕೊಂಡೆ.

"ಓದಿಸಿದೇನಕ್ಕ? ಏನ್ ಬರದಾರ ಅದರಾಗ?"

ಅವನ ದನಿ ಕೇಳಿ ನನಗೆ ಅಳು ಬಂತು. ಹೆಬ್ಬೆರಳು ಎತ್ತಲಿಲ್ಲ.

"ಏನಿಲ್ಲಪಾ," ಎಂದೆ. "ಹಾಳಿ ಹರದಿತ್ತು. ಹಚ್ಚಾಕತ್ತೀನಿ."