ಆರು ಗುಂಡಿನವನು ಪಿಸ್ತೂಲು ಹಿಡಿದದ್ದು

ಅಪ್ಪನಿಂದ ನನಗೆ ಬಂದದ್ದರಲ್ಲಿ ಹೊಲಕ್ಕಿಂತ ಹೆಚ್ಚು ಮೆಚ್ಚಿದ್ದು ಅವನ ರಿವಾಲ್ವರನ್ನು. ಅಬಲೂರಿನ ಕಡೆಯ ನಮ್ಮ ಊರಿನಲ್ಲಿ ಮೂರ್ನಾಲ್ಕು ಮನೆಗಳಲ್ಲಿ ಬಂದೂಕುಗಳಿದ್ದವು, ಬೆಳೆಗೆ ಬೀಳುವ ಹಂದಿಗಳನ್ನು ಹೆದರಿಸಲು. ರಿವಾಲ್ವರ್ ಮಾತ್ರ ನಮ್ಮ ಮನೆಯಲ್ಲೊಂದೇ. ಅಪ್ಪ ತೀರಿಕೊಂಡ ಮೇಲೆ ಲೈಸನ್ಸು ನನ್ನ ಹೆಸರಿಗಾಯಿತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ತೆಂಟು. ವರ್ಷದೊಳಗೆ ಕಲಿತು, ಹದಿನೈದು ಹೆಜ್ಜೆ ದೂರದಲ್ಲಿಟ್ಟ ತೆಂಗಿನ ಚಿಪ್ಪನ್ನು ಹಾರಿಸುತ್ತಿದ್ದೆ. ಜಂಬವೆಂದು ಅನ್ನುವವರು ಅನ್ನಲಿ, ಹಾರಿಸುತ್ತಿದ್ದದ್ದು ನಿಜ.

ರಿವಾಲ್ವರಿನಲ್ಲಿ ನನಗೆ ಹಿಡಿಸಿದ್ದು ಅದರಲ್ಲಿ ಯಾವ ಗುಟ್ಟೂ ಇಲ್ಲದ್ದು. ಗುಂಡಿನ ಗಾಲಿಯನ್ನು ಪಕ್ಕಕ್ಕೆ ತೆಗೆದರೆ ಆರೂ ಮನೆಗಳು ಕಾಣುತ್ತವೆ: ತುಂಬಿದೆಯೋ, ಖಾಲಿಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಕುದುರೆ ಎಳೆದರಾಯಿತು, ಮುಂದಿನದು ತಾನೇ ಎದುರಿಗೆ ಬರುತ್ತದೆ. ಪಿಸ್ತೂಲು ಹಾಗಲ್ಲ, ಎಲ್ಲವನ್ನೂ ಹೊಟ್ಟೆಯೊಳಗೆ ಮುಚ್ಚಿಟ್ಟುಕೊಂಡಿರುತ್ತದೆ, ಹೊತ್ತಿಗೆ ಸರಿಯಾಗಿ ಗಂಟಲಿಗೆ ಸಿಕ್ಕಿಸಿಕೊಂಡು ನಿಲ್ಲುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಆಗ ಒಂದು ಪಿಸ್ತೂಲನ್ನೂ ನಾನು ಕೈಯಲ್ಲಿ ಹಿಡಿದಿರಲಿಲ್ಲ.

ವರ್ಷಕ್ಕೊಮ್ಮೆ ರಿವಾಲ್ವರನ್ನು ಸವಣೂರಿಗೆ ಒಯ್ಯುತ್ತಿದ್ದೆ. ಹಿರೇಕೆರೂರಿನಲ್ಲಿ ಬಸ್ಸು ಹತ್ತಿ, ಹಾನಗಲ್ಲಿನಲ್ಲಿ ಇಳಿದು ಚಹಾ ಕುಡಿದು, ಇನ್ನೊಂದು ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತಿದ್ದೆ. ಅಲ್ಲಿ ಬಂದೂಕು ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಅವರ ಅಜ್ಜನ ಕಾಲದಿಂದಲೂ ಅದೇ ಕಸುಬು. ಎಲ್ಲರಿಗೂ ಅವರು ಉಸ್ತಾದರು. ಸತ್ತವರ, ಊರು ಬಿಟ್ಟವರ ಆಯುಧಗಳನ್ನು ಠೇವಣಿ ಇಟ್ಟುಕೊಳ್ಳುವ ಪರವಾನಗಿಯೂ ಅವರಿಗಿತ್ತು.

ದಶಕದ ಕೊನೆಯ ಒಂದು ಬೇಸಿಗೆ. ನಾನು ಹೋದಾಗ ಅಂಗಡಿಯ ಚಾಪೆಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ನಲವತ್ತೈದರ ಆಸುಪಾಸು, ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮುಂದೆ ಹಾಸಿದ ಬಿಳಿ ಅರಿವೆಯ ಮೇಲೆ ಒಂದು ಪಿಸ್ತೂಲಿತ್ತು. ಮೈಯೆಲ್ಲ ಉಕ್ಕು. ಹಿಡಿಕೆಯ ಎರಡು ಬದಿಗೂ ಕಟ್ಟಿಗೆ ಇಲ್ಲ, ಅಲ್ಯೂಮಿನಿಯಂ ತಗಡು ಕೂಡಿಸಿದ್ದರು.

"ಶಿಗ್ಗಾಂವಿ ಬಾಯಾರು," ಎಂದರು ಉಸ್ತಾದರು. "ಇವರ ಯಜಮಾನ್ರು ಮಿಲಿಟ್ರ್ಯಾಗ ಇದ್ರು. ಹ್ವಾದ ವರ್ಷ ತೀರಿಕೊಂಡ್ರು. ಮಾಲು ನನ್ನ ಹತ್ರ ಠೇವಣಿ ಐತಿ. ಮೂರು ತಿಂಗಳಿಗೊಮ್ಮೆ ಬಂದು ತಾವ ಎಣ್ಣಿ ಹಾಕಿ ಹೋಗ್ತಾರ. ನನಗ ಮುಟ್ಟಾಕ ಬಿಡಂಗಿಲ್ಲ ನೋಡ್ರಿ!"

ಬಾಯಾರು ತಲೆ ಎತ್ತಲಿಲ್ಲ. ಗುಂಡಿನ ಡಬ್ಬಿಯನ್ನು ಹಿಡಿಕೆಯಿಂದ ಕೆಳಗೆ ಎಳೆದರು. ಮೇಲಿನ ಉಕ್ಕಿನ ಹೊದಿಕೆಯನ್ನು ಹಿಂದಕ್ಕೆ ಜಗ್ಗಿ ಒಳಗೆ ಇಣುಕಿ ನೋಡಿದರು, ಕಿರುಬೆರಳು ಹಾಕಿಯೂ ನೋಡಿದರು. ಆಮೇಲೆ ಕುದುರೆಯ ಸುತ್ತಲಿನ ಬಳೆಯನ್ನು ಕೆಳಗೆ ಮಾಡಿ, ಹೊದಿಕೆಯನ್ನು ಹಿಂದೆ ಸರಿಸಿ ಮೇಲಕ್ಕೆತ್ತಿದರು. ನಳಿಗೆಯ ಮೇಲಿನ ಸುರುಳಿ ಸ್ಪ್ರಿಂಗು ಜಾರಿ ಬಂತು. ಅವಲಕ್ಕಿ ಆರಿಸುವಷ್ಟೇ ನಿರಾಳವಾಗಿ ಕೂತಿದ್ದರು. ಸ್ಕ್ರೂ ತಿರುಗಿಸುವ ಹತಾರವನ್ನು ಮುಟ್ಟಲೇ ಇಲ್ಲ. ನನ್ನ ರಿವಾಲ್ವರನ್ನು ಇಷ್ಟು ಬಿಚ್ಚಲು ಉಸ್ತಾದರಿಗೆ ಅರ್ಧ ತಾಸು ಬೇಕಾಗುತ್ತಿತ್ತು.

"ಇಷ್ಟನ?" ಎಂದೆ.

"ಇಷ್ಟ ರೀ," ಎಂದರು ಆಕೆ. "ನಾಕು ತುಂಡು. ಅವರು ರಜಾಕ್ಕ ಬಂದಾಗ ಇದನ್ನ ಬಿಚ್ಚೂದು, ಜೋಡಸೂದು ನನ್ನ ಕೈಲೆ ಮಾಡಸ್ತಿದ್ರು. ಕಣ್ಣು ಮುಚ್ಚಿ ಮಾಡು ಅಂತಿದ್ರು."

ಜೋಡಿಸಿ ನನ್ನ ಕೈಗೆ ಕೊಟ್ಟರು. ತಣ್ಣಗಿತ್ತು. ಚಪ್ಪಟೆ ಮೈ, ಅಂಗೈಗೆ ಅಂಟಿಕೊಂಡಂತೆ ಕೂತಿತು. ಹೊದಿಕೆಯನ್ನು ಜಗ್ಗಿ ಬಿಟ್ಟೆ. ಅದು ಮುಂದಕ್ಕೆ ಹೋಗಿ ಕೂತ ಸದ್ದು, ಒಳ್ಳೆಯ ಬಡಿಗನು ಮಾಡಿದ ಬಾಗಿಲು ಚೌಕಟ್ಟಿಗೆ ಕೂತಂತಿತ್ತು. ಎಂಟು ವರ್ಷ ಹೀಗಳೆದದ್ದು ಯಾವುದನ್ನು ಎಂದು ನನಗೆ ಆಗ ತಿಳಿಯಿತು. ನಾಚಿಕೆಯಾಗಲಿಲ್ಲ, ಆಸೆಯಾಯಿತು.

"ಬಾಯಾರ, ಇದನ್ನ ನನಗ ಕೊಡ್ರಿ. ನೀವು ಅಂದ ಬೆಲಿಗಿ ತೊಗೊಂತೇನಿ," ಎಂದೆ.

"ಕೊಡಂಗಿಲ್ರಿ. ನನ್ನ ಹೆಸರಿಗೆ ಅರ್ಜಿ ಹಾಕೇನಿ. ಹೊಲ ನನ್ನ ಹೆಸರಿಗೆ ಬಂತು, ಎತ್ತು ನನ್ನ ಹೆಸರಿಗೆ ಬಂದ್ವು. ಇದೊಂದು ಯಾಕ ಮಂದೀ ಕೈಗೆ ಹೋಗಬೇಕು?"

ಆಕೆ ಬಸ್ಸಿಗೆ ಹೋದ ಮೇಲೆ ಉಸ್ತಾದರು ಎಲೆಗೆ ಸುಣ್ಣ ಹಚ್ಚುತ್ತ, "ಅವರಿಗೆ ಲೈಸನ್ಸ್ ಕೊಡೂದು ಅನುಮಾನ ಗೌಡ್ರ. ಅವರ ಅರ್ಜಿ ಬಿದ್ದುಹೋತು ಅಂದ್ರ ಮಾಲು ನಿಮಗ. ನೀವೂ ಒಂದು ಅರ್ಜಿ ಹಾಕಿ ಇಡ್ರಿ," ಎಂದರು. ನಾನು ಹಾಕಿಟ್ಟೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಳೆಗಾಲದಲ್ಲಿ ಬಾಯಾರಿಂದ ಒಂದು ಕಾರ್ಡು ಬಂತು. ವಿಚಾರಣೆಗೆ ಕರೆದಿದ್ದಾರೆ, ಆಯುಧ ಬಲ್ಲವರೊಬ್ಬರ ಸಾಕ್ಷಿ ಕೇಳುತ್ತಾರೆ, ಉಸ್ತಾದರು ಹಾಸಿಗೆ ಹಿಡಿದಿದ್ದಾರೆ, ನಿಮ್ಮ ವಿಳಾಸ ಅವರೇ ಕೊಟ್ಟರು, ನೀವು ಬರುತ್ತೀರಾ ಎಂದು ಬರೆದಿತ್ತು. ಎರಡು ದಿನ ಆ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಹೋಗದಿದ್ದರೆ ಪಿಸ್ತೂಲು ನನ್ನದಾಗುವುದು ಹೆಚ್ಚು ಕಡಿಮೆ ಖಾತ್ರಿ. ಮೂರನೆಯ ದಿನ ಹೆಂಡತಿ ಅಂಗಿ ಒಗೆಯಲು ತೆಗೆದುಕೊಂಡಾಗ ಕಾರ್ಡು ಓದಿದಳು.

"ಹೋಗ್ರಿ," ಎಂದಳು. "ಇಲ್ಲಂದ್ರ ಆ ಪಿಸ್ತೂಲು ನೋಡಿದಾಗೆಲ್ಲ ಆ ಬಾಯಾರ ಮಾರಿ ಕಾಣತೈತಿ ನಿಮಗ."

ಶಿಗ್ಗಾಂವಿಯ ಕಚೇರಿಯಲ್ಲಿ ವಿಚಾರಣೆಯ ಅಧಿಕಾರಿ ಬಾಯಾರನ್ನು ಬೆಂಚಿನ ಮೇಲೆ ಕೂರಿಸಿ ನನ್ನನ್ನೇ ಕೇಳಿದ: "ಹೆಣ್ಣುಮಗಳಿಗೆ ಪಿಸ್ತೂಲು ಯಾಕ ಬೇಕ್ರಿ?"

"ಅದನ್ನ ಅವರನ್ನ ಕೇಳ್ರಿ. ನನ್ನ ಕೇಳಿದ್ರ ಇಷ್ಟ ಹೇಳತೇನಿ: ಅಪ್ಪನ ರಿವಾಲ್ವರ್ ನನ್ನ ಹೆಸರಿಗೆ ಆಗೂ ಮುಂದ ನಿನಗ ಯಾಕ ಬೇಕು ಅಂತ ಯಾರೂ ಕೇಳಲಿಲ್ಲ. ಅವತ್ತು ನನಗ ಅದರಾಗಿನ ಗುಂಡು ಸಹಿತ ತಗಿಯಾಕ ಬರ್ತಿದ್ದಿಲ್ಲ. ಈ ಬಾಯಾರಿಗೆ ನನಗಿಂತ ಛಲೋ ಬರತೈತಿ. ನಾ ನನ್ನ ಕಣ್ಣಲೆ ನೋಡೇನಿ."

ಆತ ಕಾಗದಗಳನ್ನು ತಿರುವಿ ನಕ್ಕ. "ಇದ ಪಿಸ್ತೂಲಿಗೆ ನಿಮ್ಮದೂ ಅರ್ಜಿ ಐತೆಲ್ಲ ಗೌಡ್ರ?"

ಬಾಯಾರು ತಟ್ಟನೆ ನನ್ನ ಕಡೆ ತಿರುಗಿದರು. ಆಕೆಗೆ ಅದು ಗೊತ್ತಿರಲಿಲ್ಲ.

"ಐತ್ರಿ," ಎಂದೆ. "ಅದನ್ನ ವಾಪಸ್ ತೊಗೊಂತೇನಿ. ಎಲ್ಲಿ ಸಹಿ ಮಾಡಬೇಕು ಹೇಳ್ರಿ."

ಹೊರಗೆ ಬಂದ ಮೇಲೆ ಬಾಯಾರು ನನ್ನ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದು, ನನ್ನ ಬಸ್ಸು ಬಂದಾಗ, "ಅರ್ಜಿ ಹಾಕಿದ್ದು ಮದಲ ಹೇಳಬೇಕಿತ್ರಿ ನೀವು," ಎಂದರು. ಹೌದು, ಹೇಳಬೇಕಿತ್ತು. ತಪ್ಪಾತ್ರಿ ಎಂದೆ. ಆಕೆ ತಲೆಯಾಡಿಸಿದರು.

ಬಾಯಾರಿಗೆ ಲೈಸನ್ಸು ಬಂದದ್ದು ಮರುವರ್ಷ. ಆ ಚಳಿಗಾಲದಲ್ಲಿ ಶಿಗ್ಗಾಂವಿಯ ಹೊರಗಿನ ಮೊರಡಿ ಗುಡ್ಡದ ಹತ್ತಿರ ಲೈಸನ್ಸಿನವರಿಗೆಂದು ಪೊಲೀಸರು ಗುರಿ ತಾಲೀಮು ಇಟ್ಟಿದ್ದರು. ಒಬ್ಬೊಬ್ಬರಿಗೆ ಆರು ಗುಂಡು. ನಾನು ನನ್ನ ರಿವಾಲ್ವರಿನಿಂದ ನಾಲ್ಕನ್ನು ಕರಿ ವೃತ್ತದೊಳಗೆ ಕೂಡಿಸಿದೆ. ಅಲ್ಲಿದ್ದ ಗಂಡಸರಲ್ಲಿ ಅದೇ ಹೆಚ್ಚು. ಕೊನೆಗೆ ಬಾಯಾರು ಸೆರಗನ್ನು ಸೊಂಟಕ್ಕೆ ಸಿಗಿಸಿ ನಿಂತರು. ಮೂರು ಗುಂಡು ಸಾಲಾಗಿ ಹೋದವು. ನಾಲ್ಕನೆಯದು ಹಾರಲಿಲ್ಲ.

"ನೋಡ್ರಿ, ಸಿಕ್ಕೊಂತು!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಎಷ್ಟೋ ಸಲ ಆಡಿದ ಮಾತೇ ಅದು. ಬಾಯಾರು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಮನಸ್ಸಿನಲ್ಲೇ ಎಣಿಸುವವರಂತೆ ಕೆಲ ಹೊತ್ತು ಕಾದು, ಹೊದಿಕೆಯನ್ನು ಒಮ್ಮೆ ಜಗ್ಗಿದರು. ಕೆಟ್ಟ ಗುಂಡು ನೆಲಕ್ಕೆ ಬಿತ್ತು. ಉಳಿದ ಎರಡನ್ನೂ ಹೊಡೆದರು. ಹವಾಲ್ದಾರ ಹಲಗೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿ, "ಐದಕ್ಕ ಐದು!" ಎಂದು ಕೂಗಿದ.

ಆಕೆ ನೇರ ನನ್ನ ಹತ್ತಿರ ಬಂದು ಪಿಸ್ತೂಲನ್ನು ಕೈಗಿತ್ತರು. "ಹೊಡೀರಿ ಗೌಡ್ರ. ಕೆಟ್ಟ ಗುಂಡಿನ ಬದಲಿ ಒಂದು ಕೊಟ್ಟಾರ. ಅದು ನಿಮ್ಮದು."

ಹವಾಲ್ದಾರ ಹೂಂ ಎಂದ. ಹಿಡಿದೆ, ಉಸಿರು ಬಿಟ್ಟೆ, ಒತ್ತಿದೆ. ಕರಿ ವೃತ್ತದ ನಟ್ಟನಡುವೆ ತೂತು ಬಿದ್ದದ್ದು ನನಗೆ ನಿಂತಲ್ಲಿಂದಲೇ ಕಂಡಿತು. ಆದರೆ ಪಿಸ್ತೂಲು ಹಾರಿದ ಗುಂಡಿನ ಖಾಲಿ ಕೊಳವೆಯನ್ನು ಹೊರಗೆ ಚಿಮ್ಮಿಸುತ್ತದೆ ಎಂಬುದನ್ನು ರಿವಾಲ್ವರಿನ ಮನುಷ್ಯನಾದ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾದ ಹಿತ್ತಾಳೆ ಮೇಲೆ ಹಾರಿ ನನ್ನ ಅಂಗಿಯ ಕಾಲರಿನೊಳಗೆ ಇಳಿಯಿತು. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು, ಮಿಕ್ಕ ಮೈಯನ್ನೆಲ್ಲ ಕುಣಿಸಿದೆ. ಬಾಯಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಮೂರು ವರ್ಷದ ಮೇಲೆ ನನಗೂ ಒಂದು ಪಿಸ್ತೂಲು ಸಿಕ್ಕಿತು, ನಿವೃತ್ತ ವೈದ್ಯರೊಬ್ಬರದು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲು ಶಿಗ್ಗಾಂವಿಗೆ, ಬಾಯಾರ ಮನೆಗೆ, ಹೆಂಡತಿಯನ್ನೂ ಕರೆದುಕೊಂಡು ಹೋದೆ. ನನಗಿಂತ ಮೊದಲು ಕಲಿತವಳು ಅವಳು.