ಒಂದು ರೈಟಿಗೆ ಒಂದು ಬಂಪರ್

ಕಂಬ ಅಲ್ಲೇ ಇತ್ತು. ನನ್ನ ತಂಗಿ ಮದುವೆಯಾಗಿ ದೇಶನೂರಿಗೆ ಹೋದಾಗಿನಿಂದಲೂ ಆ ಕಲ್ಲುಕಂಬ ಅವರ ಗೇಟಿನ ಪಕ್ಕ, ಸೊಂಟದೆತ್ತರಕ್ಕೆ, ಯಾರಿಗೂ ಬೇಡವಾಗಿ ನಿಂತಿದೆ. ಅದನ್ನು ನಾನು ನೋಡಿರಲಿಲ್ಲ ಅಂದರೆ ಶುದ್ಧ ಸುಳ್ಳಾಗುತ್ತದೆ. ಕಾರು ಹಿಂದಕ್ಕೆ ತೆಗೆಯುವ ಮೊದಲು ಒಂದು ಸುತ್ತು ನೋಡಿಕೊಂಡೇ ಹತ್ತಿದ್ದೆ.

ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿದಿತ್ತು. ಹೋಳಿಗೆ ಊಟ ಮಾಡಿ ಬಳ್ಳಾರಿಗೆ ಹೊರಟಿದ್ದೆವು. ಸ್ಟೇರಿಂಗ್ ನನ್ನ ಕೈಯಲ್ಲಿ. ನಮ್ಮನೆಯವರು ಹಿಂದೆ ನಿಂತು ದಾರಿ ತೋರಿಸುತ್ತಿದ್ದರು. ಅವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕಾರು ಓಡಿಸಲು ಅವರಿಗೆ ಬರುವುದಿಲ್ಲ, ಆದರೆ ಹಿಂದೆ ನಿಂತು ಗಾಡಿ ರಿವರ್ಸ್ ತೆಗೆಸುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬ ಹೆಮ್ಮೆ. "ನಾ ಹಿಂದ ನಿಂತಾಗ ಒಂದ ಒಂದು ಬಸ್ಸು ಗ್ವಾಡಿಗೆ ತಾಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾನಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ.

"ಬರ್ಲಿ, ಬರ್ಲಿ" ಅಂದರು. ಬಂದೆ. "ರೈಟ್, ರೈಟ್!" ಅಂದರು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. "ರೈಟ್!" ಅಂತ ಇನ್ನೂ ಜೋರಾಗಿ ಕೂಗಿದರು. ನಾನೂ ಇನ್ನೂ ಜೋರಾಗಿ ತಿರುಗಿಸಿದೆ. ಆಮೇಲೆ "ಹೋಲ್ಡಾನ್!" ಎಂಬ ಕೂಗು, ಅದರ ಬೆನ್ನಿಗೇ ತಗಡು ಕರ್ರೆಂದ ಸದ್ದು.

ಇಳಿದು ನೋಡಿದೆ. ಬಲಗಡೆಯ ಹಿಂದಿನ ಮೂಲೆ ಪೂರಾ ಒಳಗೆ ಹೋಗಿತ್ತು. ಬಂಪರ್ ಸೀಳಿತ್ತು, ಕೆಂಪು ಲೈಟು ಒಡೆದು ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಕಂಬಕ್ಕೆ ಏನೂ ಆಗಿರಲಿಲ್ಲ.

"ಹೋಗ್ಲಿ ಅಂದ್ರ ಯಾಕ ತಿರುಗಿಸಿದಿ?" ಎಂದರು ನಮ್ಮನೆಯವರು.

"ಹೋಗ್ಲಿ ಅಂತ ಎಲ್ಲಿ ಅಂದ್ರಿ? ರೈಟ್ ಅಂದ್ರಿ!"

"ರೈಟ್ ಅಂದ್ರ ಹೋಗ್ಲಿ ಅಂತ. ಲೋಕಕ್ಕೆಲ್ಲ ಗೊತ್ತೈತಿ."

"ನನಗ ಡ್ರೈವಿಂಗ್ ಕಲಿಸಿದೋನು ರೈಟ್ ಅಂದ್ರ ಬಲಕ್ಕ ಅಂತ ಕಲಿಸ್ಯಾನ. ನಿಮ್ಮ ಕಂಡಕ್ಟರ್ ಭಾಷಾ ಬಸ್ಸಿನ್ಯಾಗ ಬಿಟ್ಟು ಬರಬೇಕಿತ್ತು."

ತೊಟ್ಟಿಲ ಕಾರ್ಯಕ್ಕೆ ಬಂದ ಹೆಂಗಸರೆಲ್ಲ ಅಂಗಳದಲ್ಲೇ ಇದ್ದರು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನ್ನ ತಂಗಿ, ಪಾಪ, "ದೃಷ್ಟಿ ಆಗೈತಕ್ಕ" ಅಂತ ಉಪ್ಪು ಮೆಣಸಿನಕಾಯಿ ತಂದು ಕಾರಿಗೆ ನಿವಾಳಿಸಿದಳು. ನಗಬೇಕೋ ಅಳಬೇಕೋ ಗೊತ್ತಾಗದೆ ಲೈಟಿನ ಚೂರುಗಳನ್ನು ಆರಿಸತೊಡಗಿದೆ.

ಸಿರುಗುಪ್ಪದಲ್ಲಿ ನಿಲ್ಲಿಸಿ ಕೆಂಪು ಟೇಪು ಕೊಂಡು ಒಡೆದ ಲೈಟಿಗೆ ಅಂಟಿಸಿದೆ. ಬಳ್ಳಾರಿ ಹತ್ತಿರ ಬಂದಾಗ ನಮ್ಮನೆಯವರು ಹೇಳಿದರು: "ರಿಪೇರಿ ಮಾಡಿಸಿ, ಪೇಂಟ್ ಹೊಡಿಸಿ, ಕೊಟ್ಟುಬಿಡೋಣು. ಸಾಕು ಇದು."

ಕೊಟ್ಟುಬಿಡುವುದಂತೆ! ಅವರಿಗೇನು, ಹೇಳಿದಷ್ಟು ಸುಲಭ. ನಾನು ಕುರುಗೋಡಿನ ಹತ್ತಿರದ ಒಂದು ಸಾಲೆಯಲ್ಲಿ ಕನ್ನಡ ಕಲಿಸುವವಳು. ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು, ಮಂಡಿ ಸವೆಸಿಕೊಂಡಿದ್ದೇನೆ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದು, ನನ್ನ ಸಂಬಳದಲ್ಲಿ ಈ ಸಣ್ಣ ಬೆಳ್ಳಿ ಬಣ್ಣದ ಕಾರು ತಂದೆ. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಯಾರೂ ನನ್ನನ್ನು ಕರೆಯುವುದಿಲ್ಲ. ಸಾಲೆಯವರೂ ಇಲ್ಲ, ಮನೆಯವರೂ ಇಲ್ಲ. ಹುಟ್ಟಿದಾಗಿನಿಂದ ನನಗೆ ಅಂಥ ಮುಕ್ಕಾಲು ಗಂಟೆ ಸಿಕ್ಕಿರಲಿಲ್ಲ. ಅದು ಹೋಗುತ್ತದೆ ಅಂದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಇನ್ನೊಂದು ತೊಡಕಿತ್ತು. ನೋಂದಣಿಯ ದಿನ ನನಗೆ ಪರೀಕ್ಷೆಯ ಕೆಲಸ ಬಿದ್ದದ್ದರಿಂದ ಅವರೇ ಹೋಗಿದ್ದರು. ಹೆಸರೂ ಅವರದೇ ಆಗಿತ್ತು. ಅವತ್ತು ಅದು ದೊಡ್ಡದು ಅನ್ನಿಸಿರಲಿಲ್ಲ. ಈಗ ನೋಡಿದರೆ, ಮಾರುವ ಕಾಗದಕ್ಕೆ ಅವರ ಸಹಿ ಒಂದೇ ಸಾಕು.

ವಿಮೆಯವರಿಗೆ ಫೋನ್ ಮಾಡಿದವಳು ನಾನೇ. ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಎಲ್ಲ ಕೇಳಿ ಬರೆದುಕೊಂಡಳು. ಸರ್ವೇಯರ್ ಬಂದು ನೋಡುವವರೆಗೆ ಗಾಡಿಗೆ ಕೈ ಹಚ್ಚಬೇಡಿ ಅಂದಳು. ಹಾಗಾಗಿ ಕಂಟೋನ್ಮೆಂಟಿನ ನಮ್ಮ ಮನೆಯ ಮುಂದೆ ಕಾರು ತನ್ನ ಒಡೆದ ಮೂಲೆಯನ್ನು ರಸ್ತೆಗೆ ತೋರಿಸುತ್ತಾ ನಿಂತಿತು. ಬೆಳಗಿನ ವಾಕಿಂಗಿಗೆ ಹೋಗುವವರೆಲ್ಲ ನಿಂತು ನೋಡಿ, "ಅಯ್ಯ, ಏನಾತ್ರಿ?" ಅನ್ನುವುದು, ನಾನು "ಕಂಬ" ಅನ್ನುವುದು. ಮೂರನೇ ದಿನಕ್ಕೆ ನನ್ನ ತಾಳ್ಮೆ ಮುಗಿದು, ಹಳೆಯ ಬೆಡ್‌ಶೀಟ್ ತಂದು ಆ ಮೂಲೆಗೆ ಹೊದಿಸಿದೆ.

ಸಾಲೆಗೆ ಮತ್ತೆ ಬಸ್ಸು. ಹತ್ತಿದ ಮೊದಲ ದಿನವೇ ಕಂಡಕ್ಟರ್, ನಮ್ಮನೆಯವರ ಶಿಷ್ಯನಂತೆ, "ಕಾರು ಎಲ್ಲೈತ್ರಿ ಟೀಚರಮ್ಮ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದ. ಉತ್ತರ ಕೊಡುವ ಮೊದಲೇ ಡ್ರೈವರ್ ಕಡೆ ತಿರುಗಿ "ರೈಟ್!" ಎಂದು ಕೂಗಿದ. ನನ್ನ ಕೈ ತಾನೇ ಬಲಕ್ಕೆ ಹೊರಳಿತು. ಬಸ್ಸು ಮಾತ್ರ ನೆಟ್ಟಗೆ ಹೋಯಿತು. ನಮ್ಮನೆಯವರು ಹೇಳಿದ್ದು ಸುಳ್ಳಲ್ಲ ಎಂದು ಆಗ ಅನ್ನಿಸಿತು, ಅದನ್ನು ಅವರ ಮುಂದೆ ಮಾತ್ರ ಹೇಳಲಿಲ್ಲ.

ಪೇಂಟ್ ಕೆಲಸಕ್ಕೆ ಕೌಲ್ ಬಜಾರಿನ ಒಬ್ಬ ಹಳೆಯ ಪೇಂಟರ್ ಸಾಹೇಬರನ್ನು ಗೊತ್ತುಮಾಡಿದ್ದೆವು. ಅವರದೇ ಸ್ವಂತ ಗ್ಯಾರೇಜು, ಡೆಂಟ್ ತೆಗೆಯುವುದರಿಂದ ಪಾಲಿಶ್ ತನಕ ಎಲ್ಲ ಅವರಲ್ಲೇ ಆಗುತ್ತದೆ, ವಿಮೆಯ ಕೆಲಸವೂ ಮಾಡುತ್ತಾರೆ. ಬಿಳಿ ಗಡ್ಡದ ತುದಿಗೆ ಯಾವಾಗಲೂ ಒಂದಲ್ಲ ಒಂದು ಬಣ್ಣ ಹತ್ತಿರುತ್ತದೆ. ಸರ್ವೇಯರ್ ಅಲ್ಲಿಗೇ ಬರುತ್ತಾರೆ ಎಂದು ತಿಳಿದ ಮೇಲೆ ಕಾರನ್ನು ಅವರಲ್ಲಿಗೆ ಒಯ್ದೆವು. ಒಡೆದ ಮೂಲೆಯ ಮೇಲೆ ಅಂಗೈ ಆಡಿಸಿ ನೋಡಿದರು.

"ತಗಡು ಎಬ್ಬಿಸ್ತೀನಿ, ಬಂಪರ್ ಹೊಸಾದು ಹಾಕಬೇಕು. ವಿಮಾ ಕಂಪನಿಯೋರು ಪ್ಲಾಸ್ಟಿಕ್ಕಿಗೆ ಪೂರಾ ಕೊಡಂಗಿಲ್ಲ, ಮೊದಲ ಹೇಳ್ತೀನಿ. ಫಾರಂನ್ಯಾಗ ಏನು ಬರದೀರಿ?"

"ಇನ್ನೂ ಬರದಿಲ್ಲ" ಅಂದೆ.

"ನಾಯಿ ಅಡ್ಡ ಬಂತು ಅಂತ ಬರದುಬಿಡ್ರಿ ಟೀಚರಮ್ಮ. ಎಲ್ಲಾರೂ ಹಂಗ ಬರಿಯೋದು. ತಕಲೀಫ್ ಇಲ್ಲ."

ನಮ್ಮನೆಯವರ ಮುಖ ಅರಳಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಅರಳಿದ್ದು. "ನಾಯಿ ಚಲೋ ಐತಿ ನೋಡು" ಎಂದರು. ನಾಯಿ ಬಂದರೆ ನಾನೂ ಇಲ್ಲ, ಅವರೂ ಇಲ್ಲ, ರೈಟೂ ಇಲ್ಲ!

"ಹಿಂದಕ್ಕ ಹೋಗೋ ಗಾಡಿಗೆ ನಾಯಿ ಹೆಂಗ ಅಡ್ಡ ಬರ್ತೈತ್ರಿ?" ಅಂದೆ.

"ಹಿಂದಿಂದ ಬಂತು ಅನ್ರಿ" ಎಂದರು ಸಾಹೇಬರು, ಸ್ವಲ್ಪವೂ ತಡವರಿಸದೆ.

"ನಾಯಿ ಇರಲಿಲ್ಲ. ದೇಶನೂರಿನ ನಾಯಿಗಳೆಲ್ಲ ಅವತ್ತು ಹೋಳಿಗಿ ತಿಂದು ಮಲಗಿದ್ದುವು. ಇದ್ದದ್ದನ್ನ ಬರೀತೀನಿ."

ಸಾಹೇಬರು ನಕ್ಕು ಕೈ ಮುಗಿದರು. ನಮ್ಮನೆಯವರ ಮುಖ ಮತ್ತೆ ಬಾಡಿತು.

ಮರುದಿನ ಸರ್ವೇಯರ್ ಗ್ಯಾರೇಜಿಗೇ ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ. ಕಾರಿನ ನಾಲ್ಕೂ ಕಡೆ ಫೋಟೊ ತೆಗೆದರು, ಚಾಸಿಸ್ ನಂಬರ್ ಹುಡುಕಿ ಅದರದೂ ತೆಗೆದರು. ಆಮೇಲೆ ನಮ್ಮನೆಯವರ ಕಡೆ ನೋಡಿ, "ಯಾರು ಓಡಿಸ್ತಿದ್ರಿ?" ಎಂದು ಕೇಳಿದರು.

"ನಾನು" ಅಂದೆ. ಲೈಸೆನ್ಸ್ ಮುಂದೆ ಹಿಡಿದೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಬರೆದುಕೊಡಿ ಎಂದು ಒಂದು ಹಾಳೆ ಕೊಟ್ಟರು.

ನಮ್ಮನೆಯವರು ಕಿವಿಯ ಹತ್ತಿರ ಬಂದು, "ಕಾರು ಹಿಂದಕ್ಕೆ ಚಲಿಸುವಾಗ ಕಂಬಕ್ಕೆ ತಾಗಿರುತ್ತದೆ, ಅಂತ ಬರಿ" ಎಂದು ಪಿಸುಗುಟ್ಟಿದರು. ಎಂಥ ವಾಕ್ಯ! ಮಕ್ಕಳು ಹೀಗೆ ಬರೆದರೆ ಮಾಡಿದವರು ಯಾರು ಅಂತ ಕೆಂಪು ಪೆನ್ನಿನಲ್ಲಿ ಕೇಳುವವಳು ನಾನು. ದುಂಡಗೆ ಬರೆದೆ: "ನಾನು ಕಾರನ್ನು ಹಿಂದಕ್ಕೆ ತೆಗೆಯುವಾಗ ಬಲಗಡೆಯ ಕಲ್ಲುಕಂಬಕ್ಕೆ ಗುದ್ದಿದೆ."

ಅಲ್ಲಿಗೆ ಪೆನ್ನು ನಿಂತಿತು. ಹಿಂದೆ ನಿಂತು ರೈಟ್ ಅಂದವರ ಬಗ್ಗೆ ಇನ್ನೊಂದು ಸಾಲು ಬರೆಯಬಹುದಿತ್ತು. ಬರೆಯಬೇಕೆಂದು ಮನೆಯಿಂದ ಹೊರಡುವಾಗಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ತಲೆಯೆತ್ತಿ ನೋಡಿದರೆ ನಮ್ಮನೆಯವರು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಹೆಮ್ಮೆಯನ್ನು ಒಂದು ಹಾಳೆಯಲ್ಲಿ ಹಾಕಿ ವಿಮೆಯವರಿಗೆ ಕಳಿಸಲು ಕೈ ಬರಲಿಲ್ಲ. ಸಹಿ ಮಾಡಿ ಕೊಟ್ಟೆ.

ಸರ್ವೇಯರ್ ಓದಿ, "ಹಿಂದ ಯಾರೂ ನಿಂತಿರಲಿಲ್ಲೇನ್ರಿ?" ಎಂದರು.

ಈಗ ಹೇಳುತ್ತಾರೆ ಅಂದುಕೊಂಡೆ. ದೇವರಾಣೆ, ಒಂದು ಕ್ಷಣ ಹಾಗೇ ಅಂದುಕೊಂಡೆ. ನಮ್ಮನೆಯವರು ಬಾಯಿ ತೆರೆದರು, ಮುಚ್ಚಿದರು, ಆಮೇಲೆ ಗ್ಯಾರೇಜಿನ ತಗಡಿನ ಮಾಡನ್ನು ನೋಡತೊಡಗಿದರು.

"ಇದ್ರು" ಅಂದೆ ನಾನು. "ಆದ್ರ ಸ್ಟೇರಿಂಗ್ ನನ್ನ ಕೈಯಾಗಿತ್ತು."

ಮಾಲೀಕರ ಜಾಗದಲ್ಲಿ ನಮ್ಮನೆಯವರು ಸಹಿ ಹಾಕಿದರು. ಮನೆಗೆ ಬರುವ ಆಟೋದಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ನನ್ನದೇ ಎಂದು ಬರೆದುಕೊಟ್ಟದ್ದಕ್ಕೆ ಬೇಸರವಿರಲಿಲ್ಲ. ಬರೆದದ್ದನ್ನು ಕಣ್ಣಾರೆ ಓದಿ, ಒಂದು ಮಾತೂ ಆಡದೆ ಕೆಳಗೆ ಸಹಿ ಹಾಕಿದರಲ್ಲ, ಉರಿ ಅದಕ್ಕೆ.

ಕ್ಲೇಮ್ ಮಂಜೂರಾಯಿತು. ಬಂಪರಿನ ಖರ್ಚಿನಲ್ಲಿ ಅರ್ಧ ನಮ್ಮ ಪಾಲಿಗೆ ಬಂತು, ಸಾಹೇಬರು ಹೇಳಿದ ಹಾಗೆಯೇ. ಸಾಲೆ ಬಿಟ್ಟ ಮೇಲೆ ನಾನು ದಿನವೂ ಗ್ಯಾರೇಜಿಗೆ ಹೋಗಿ ಬರುತ್ತಿದ್ದೆ. ಸಾಹೇಬರು ಒಳಗಿನಿಂದ ತಗಡು ಎಬ್ಬಿಸಿ, ತಗ್ಗಿಗೆ ಪುಟ್ಟಿ ಮೆತ್ತಿ, ನೀರು ಹಾಕಿ ಹಾಕಿ ಉಪ್ಪುಕಾಗದದಿಂದ ತಿಕ್ಕಿದರು. ಅಂಗೈಗೆ ಏರುತಗ್ಗು ಸಿಗದಷ್ಟು ತಿಕ್ಕಿದರು. ನುಣ್ಣಗಾದಷ್ಟೂ ನನಗೆ ಸಂಕಟ. ಬೇಗ ಆದಷ್ಟೂ ಬೇಗ ಮಾರಾಟ! ಕುರುಗೋಡಿನ ಯಾರೋ ಅಂಗಡಿಯವರಿಗೆ ನಮ್ಮನೆಯವರು ಆಗಲೇ ಫೋನ್ ಮಾಡಿ ಹೇಳಿಯೂ ಆಗಿತ್ತು.

ಬಣ್ಣ ಹೊಂದಿಸುವ ದಿನ ಸಾಹೇಬರು ತಗಡಿನ ನಾಲ್ಕು ತುಂಡುಗಳ ಮೇಲೆ ನಾಲ್ಕು ಬೆಳ್ಳಿ ಬಣ್ಣ ಹೊಡೆದು ಒಣಗಿಸಿಟ್ಟಿದ್ದರು. ನನಗೆ ನಾಲ್ಕೂ ಒಂದೇ ಕಂಡವು.

"ಬಣ್ಣಕ್ಕ ಕಂಪನಿ ನಂಬರ್ ಐತೆಲ್ರೀ, ಅದನ್ನ ತಂದು ಹೊಡದ್ರ ಆಗಂಗಿಲ್ಲೇನು?" ಎಂದು ಕೇಳಿದೆ.

"ಡಬ್ಬಿಯಾಗಿನ ಸಿಲ್ವರ್ ಬ್ಯಾರೆ, ಬಳ್ಳಾರಿ ಬಿಸಲಾಗ ಮೂರು ವರ್ಷ ನಿಂತ ಸಿಲ್ವರ್ ಬ್ಯಾರೆ. ಇದು ಭಾಳ ಮೋಸದ ಬಣ್ಣ ಟೀಚರಮ್ಮ. ನೆಳ್ಳಾಗ ಹೂಂ ಅಂತೈತಿ, ಬಿಸಲಿಗೆ ಬಂದ್ರ ಉಹೂಂ ಅಂತೈತಿ."

ತುಂಡುಗಳನ್ನು ಬಿಸಿಲಿಗೆ ತಂದು ಒಂದೊಂದಾಗಿ ಬಾಗಿಲಿನ ಪಕ್ಕ ಹಿಡಿದರು. ನಿಜ, ಒಂದು ನೀಲಿಗೆ ತಿರುಗಿತ್ತು, ಒಂದು ಹಳದಿಗೆ. ಮೂರನೆಯದು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಅದನ್ನೇ ಮುಟ್ಟಿ ತೋರಿಸಿದೆ. "ಕಣ್ಣು ಚಲೋ ಅದಾವು" ಅಂದರು ಸಾಹೇಬರು. ಧೂಳು ಏಳದಂತೆ ನೆಲಕ್ಕೆಲ್ಲ ನೀರು ಹೊಡೆದು, ಪರದೆ ಬಿಟ್ಟು, ನನ್ನನ್ನು ಹೊರಗೆ ಕಳಿಸಿದರು.

ಕಾರು ಶನಿವಾರ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ಕುರುಗೋಡಿನ ಅಂಗಡಿಯವನೂ ಬಂದ. ನಲವತ್ತರ ಆಸುಪಾಸಿನವನು, ಗಾಡಿ ಬಲ್ಲವನು. ಸುತ್ತು ಹಾಕಿ ನೋಡಿದ, ಕುಕ್ಕರಗಾಲಲ್ಲಿ ಕೂತು ಹಿಂದಿನ ಮೂಲೆಯ ಸಂದಿಗೆ ಉಗುರು ಆಡಿಸಿದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಚಹಾ ಸೋಸುತ್ತಿದ್ದೆ. ಸಕ್ಕರೆ ಹಾಕಿದೆನೋ ಬಿಟ್ಟೆನೋ ನೆನಪಿಲ್ಲ.

"ಇಲ್ಲಿ ಕೆಲಸ ಆಗೈತ್ರಿ ಯಜಮಾನ್ರ" ಎಂದ ಅವನು.

"ಆಗೈತಿ. ಮುಚ್ಚಿಡಂಗಿಲ್ಲ. ಕ್ಲೇಮಿನ ಕಾಗದ ಅದಾವು" ಎಂದರು ನಮ್ಮನೆಯವರು.

"ಯಾರು ಓಡಿಸ್ತಾರ ಗಾಡಿ?"

"ನಮ್ಮ ಮನಿಯವರು."

ಅಷ್ಟರಲ್ಲಿ ನಾನು ಟ್ರೇ ಹಿಡಿದು ಹೊಸ್ತಿಲಿಗೆ ಬಂದಿದ್ದೆ. ಅವನು ನನ್ನನ್ನು ಒಮ್ಮೆ ನೋಡಿ, ನಮ್ಮನೆಯವರ ಕಡೆ ತಿರುಗಿ ನಕ್ಕ. "ಹಂಗಾದ್ರ ಆತು ಬಿಡ್ರಿ. ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಇದ ಹಣೆಬರಹ. ಇನ್ನಾ ಎಲ್ಲೆಲ್ಲಿ ಗುದ್ದ್ಯಾರೋ ಏನೋ, ಬಣ್ಣದ ಕೆಳಗ ಯಾರಿಗೆ ಗೊತ್ತು?"

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು ಎದ್ದು ನಿಂತರು.

"ಆಕಿ ಗುದ್ದಿಲ್ಲ" ಎಂದರು. "ಹಿಂದ ನಿಂತೋನು ನಾನು. ರೈಟ್ ರೈಟ್ ಅಂದೋನು ನಾನು. ನನ್ನ ಮಾತು ನಂಬಿ ಆಕಿ ತಿರುಗಿಸಿದ್ಲು. ಮೂವತ್ತು ವರ್ಷ ಬಸ್ಸು ತೆಗಿಸೀನಿ, ಒಂದೂ ತಾಗಿಸಿರಲಿಲ್ಲ. ಇದೊಂದನ್ನ ಗುದ್ದಿಸಿದೆ. ಗುದ್ದಿಸಿದೋನು ನಾನು."

ಅಂಗಡಿಯವನು ಏನೋ ಸಮಾಧಾನ ಹೇಳಲು ಹೋದ.

"ಗಾಡಿ ಕೊಡಂಗಿಲ್ಲ. ಚಾ ಕುಡುದು ಹೋಗ್ರಿ."

ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ, ಕಿವಿಯೆರಡೂ ಕೆಂಪಾಗಿದ್ದವು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ದೇಶನೂರಿನ ಅಂಗಳದಿಂದ ಕೌಲ್ ಬಜಾರಿನ ಗ್ಯಾರೇಜಿನವರೆಗೆ ನಾನು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಅದನ್ನು ಅವರ ಬಾಯಿಂದ ಹೊರಡಿಸಲು ಕುರುಗೋಡಿನಿಂದ ಯಾರೋ ಗುರುತಿಲ್ಲದವನು ಬರಬೇಕಾಯಿತು, ಹೇಳಿದ್ದೂ ಅವನಿಗೇ.