ಹಾಲವ್ವನಿಗೆ ಎರೆದ ದಿನ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಆಗ ನಾನು ಮುಂಬೈ ಸರ್ಕಾರದ ಚಾಕರಿಯಲ್ಲಿ ಶಾಸನಗಳ ಪಡಿಯಚ್ಚು ತೆಗೆಯುವ ಸಹಾಯಕ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಪಡಿಯಚ್ಚು ಬಲು ಸರಳ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಶ್ಶಿನಿಂದ ಬಡಿದು ಅಕ್ಷರದ ಕುಳಿಯೊಳಗೆ ಇಳಿಸಿ, ಮೇಲೆ ಮಸಿ ಒತ್ತುವುದು. ಅಕ್ಷರ ಬಿಳಿಯಾಗಿ, ಉಳಿದದ್ದು ಕಪ್ಪಾಗಿ ಕಾಗದದ ಮೇಲೆ ಬರುತ್ತದೆ. ಸರಳ ಎಂದೆನಲ್ಲ, ಅದು ಊರವರು ಕಲ್ಲು ತೊಳೆಯಲು ಬಿಟ್ಟರೆ.

ಅಕ್ಕಿಆಲೂರಿನ ಆಚೆಯ ಒಂದು ಹಳ್ಳಿಯಲ್ಲಿ ಹೊಸ ರಸ್ತೆ ಹಾಕುತ್ತಿದ್ದರು. ಗುರುತಿನ ಗೂಟಗಳು ನೆಟ್ಟಗೆ ಹೋಗಿ ಆಳೆತ್ತರದ ಒಂದು ಕಲ್ಲಿಗೆ ಮುಟ್ಟಿದ್ದವು. ತಲೆಮಾರುಗಳಿಂದ ಹಚ್ಚಿದ ಎಣ್ಣೆ ಧೂಳಿನೊಂದಿಗೆ ಸೇರಿ ಕಲ್ಲಿನ ಮೈಮೇಲೆ ಬೆರಳುದಪ್ಪ ಜಿಡ್ಡು ಕಟ್ಟಿತ್ತು. ನಡುವೆ ಉಬ್ಬಿದ್ದ ಎರಡು ಹೆಣ್ಣಿನ ಆಕಾರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಊರಿಗೆ ಅದು ಹಾಲವ್ವ. ಎದೆಹಾಲು ಸಾಲದ ಬಾಣಂತಿಯರ ಮನೆಯವರು ಬಂದು ಎಣ್ಣೆ ಹಚ್ಚಿ ಬೇಡಿಕೊಂಡು ಹೋಗುತ್ತಿದ್ದರು. ರಸ್ತೆಯ ಓವರ್ಸಿಯರನ ಕಣ್ಣಿಗೆ ಮಾತ್ರ ಅದು ಮೋರಿಯ ಮೇಲೆ ಹಾಸಲು ಹೇಳಿ ಮಾಡಿಸಿದ ಚಪ್ಪಡಿ. ಗುಡಿಯ ಹತ್ತಿರ ಬೇರೊಂದು ಕಲ್ಲು ನಿಲ್ಲಿಸಿ ಕೊಡುತ್ತೇನೆಂದು ಆತ ಹೇಳಿದ್ದಕ್ಕೆ ಊರ ಗೌಡರೂ ಹೂಂ ಅಂದುಬಿಟ್ಟಿದ್ದರು.

ಕಲ್ಲಿನ ಆಕಾರ ನೋಡಿದರೆ ಅದು ವೀರಗಲ್ಲು, ಅಂದರೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ಎಂದು ನನಗೆ ಅನ್ನಿಸಿತ್ತು. ಹಾಗಿದ್ದರೆ ಬರಹವೂ ಇರಬೇಕು. ಅಕ್ಕಿಆಲೂರಿನಲ್ಲಿ ಮುಕ್ಕಾಂ ಮಾಡಿದ್ದ ತಾಲೂಕಿನ ಅಧಿಕಾರಿ ಮಾಮಲೇದಾರರ ಬಳಿಗೆ ಓಡಿದೆ. ನಾಳೆ ಸಂಜೆಯೊಳಗೆ ಅಕ್ಷರ ತೋರಿಸಿದರೆ ರಸ್ತೆ ಬಗ್ಗಿಸುತ್ತೇನೆ, ಬರೇ ಜಿಡ್ಡು ತೋರಿಸಿದರೆ ಇಲ್ಲ ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಮರುದಿನ ನಾನೂ ನನ್ನ ಜವಾನ, ಸವಣೂರಿನ ಇಮಾಮಸಾಬನೂ ಕೊಡ, ಬ್ರಶ್ಶು ಹಿಡಿದು ಹೋದರೆ ಕಲ್ಲಿಗೆ ಅಡ್ಡ ಗಂಗವ್ವ ನಿಂತಿದ್ದಳು. ಎದುರು ಮನೆಯ ಮುದುಕಿ. ಹಾಲವ್ವನಿಗೆ ದಿನಾ ದೀಪ ಹಚ್ಚುವವಳು ಅವಳೇ. ಕಲ್ಲು ಕೀಳಲೂ ಬಿಡೆ, ತಿಕ್ಕಲೂ ಬಿಡೆ ಎಂದಳು. ಸೊಸೆ ನೀಲವ್ವ ಚೊಚ್ಚಲ ಬಾಣಂತಿ. ಹಾಲಿಲ್ಲದೆ ಕೂಸು ಅತ್ತು ಅತ್ತು ಸೊರಗಿತ್ತಂತೆ. ಹಾಲವ್ವನಿಗೆ ಎಣ್ಣೆ ಹಚ್ಚಿದ ಮೇಲೆಯೇ ಹಾಲು ಇಳಿಯಿತಂತೆ.

“ಅಕಿ ಮೈ ತಿಕ್ಕಿ ಸಿಟ್ಟಿಗೆಬ್ಬಿಸಿ ನೀವು ಧಾರವಾಡಕ್ಕ ಹೋಗ್ತೀರಿ ಸಾಹೇಬ್ರ. ಹಾಲು ಬತ್ತಿದ್ರ ಕೂಸಿನ ಬಾಯಿಗೆ ನಿಮ್ಮ ಮಸಿ ಹಚ್ಚೂಣೇನು?”

ನನಗೆ ಸಿಟ್ಟು ನೆತ್ತಿಗೇರಿತು. ತಿಕ್ಕದಿದ್ದರೆ ನಾಳೆ ನಿಮ್ಮ ಹಾಲವ್ವನ ಮೇಲೆ ಚಕ್ಕಡಿ ಗಾಡಿಗಳು ಓಡಾಡುತ್ತವೆ ಎಂದು ರೇಗಿದೆ. ನನ್ನ ಮೇಲೆ ಹಾಯಿಸಲಿ ಎಂದಳು. ಎಂಥ ಹಟಮಾರಿ ಮುದುಕಿ! ಅಷ್ಟಾದರೂ ಬಿಸಿಲಿಗೆ ನಿಂತ ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟಳು. ಸೊಸೆಗೆ ಎರೆಯುವ ಹೊತ್ತಾಯಿತೆಂದು ಒಳಗೆ ಹೋದಳು. ಬಾಣಂತಿಗೆ ಮೈತುಂಬ ಎಣ್ಣೆ ಹಚ್ಚಿ, ಸೀಗೇಕಾಯಿ ತಿಕ್ಕಿ, ಸುಡುಸುಡು ನೀರು ಎರೆಯುವುದು ಅಲ್ಲಿ ತಪ್ಪದ ಪದ್ಧತಿ. ಹೊತ್ತು ಏರುತ್ತಿತ್ತು. ಇನ್ನೇನು ಗಂಟುಮೂಟೆ ಕಟ್ಟುವುದೇ ಎಂದುಕೊಳ್ಳುವಾಗ ಬಚ್ಚಲಿನಿಂದ ನೀಲವ್ವನ ದನಿ ಕೇಳಿತು.

“ಅತ್ತಿ, ನನಗ ದಿನಾ ಎಣ್ಣಿ ಹಚ್ಚಿ ಎರೀತೀರಿ. ಪಾಪ, ಅಕಿಗೆ ಬರೇ ಎಣ್ಣಿ ಹಚ್ಚಿ ಹಂಗ ನಿಂದ್ರಸೀರಲ್ರಿ. ಒಮ್ಮೆರ ನೀರು ಹಾಕೀರೇನು?”

ಹಾಲು ಬತ್ತೀತೆಂಬ ಹೆದರಿಕೆ ಇದ್ದದ್ದು ಅವಳಿಗಾಗಿ. ಆ ಮಾತಾಡಿದವಳೂ ಅವಳೇ. ಗಂಗವ್ವ ಒದ್ದೆ ಕೈಯಲ್ಲೇ ಹೊರಗೆ ಬಂದು ಕಲ್ಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಓಣಿಯ ಹೆಂಗಸರನ್ನೆಲ್ಲ ಕೂಗಿದಳು. ಹಂಡೆ ಹಂಡೆ ನೀರು ಕಾಯಿತು, ಮನೆಮನೆಯಿಂದ ಸೀಗೇಕಾಯಿ ಬಂತು. ನಮಗೆ ಒಂದೇ ಕರಾರು: ಹೆಣ್ಣು ದೇವರು ಜಳಕ ಮಾಡುವಾಗ ಗಂಡಸರು ಆ ಕಡೆ ಮುಖ ಮಾಡಿ ಕೂರಬೇಕು. ಕೂತೆವು. ಸರ್ಕಾರಿ ಸಹಾಯಕ ಬೆನ್ನು ತಿರುಗಿಸಿ ಹೊಲ ನೋಡುತ್ತ ಕೂತದ್ದನ್ನು ಕಂಡು ಓವರ್ಸಿಯರನ ಆಳುಗಳು ಹಲ್ಲು ಕಿಸಿದರು. ಇಮಾಮಸಾಬನಂತೂ ಕಣ್ಣು ಕೂಡ ಮುಚ್ಚಿಕೊಂಡಿದ್ದ.

ಹಿಂದೆ ನೀರಿನ ಸದ್ದು, ನಗೆ, ಬಾಣಂತಿಯರಿಗೆ ಎರೆಯುವಾಗಿನ ಹಾಡು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು.

“ಸಾಹೇಬ್ರ, ಈ ಕಡೆ ತಿರುಗ್ರಿ,” ಎಂದಳು ಗಂಗವ್ವ ಸಣ್ಣ ದನಿಯಲ್ಲಿ. “ಅಕಿಗೆ ಮೀಸಿ ಅದಾವ.”

ತಿರುಗಿದರೆ ಹೆಂಗಸರೆಲ್ಲ ಸೆರಗು ಹೊದ್ದು ದೂರ ಸರಿದಿದ್ದರು. ಕಲ್ಲಿನ ಕೆಳಗಿನ ಭಾಗದಲ್ಲಿ ಕತ್ತಿ ಹಿಡಿದ ಗಂಡಸು, ಹುರಿ ಮಾಡಿದ ಮೀಸೆ, ಅವನ ಹಿಂದೆ ದನದ ಹಿಂಡು. ನಡುವಿನ ಆ ಇಬ್ಬರು ಹೆಣ್ಣುಗಳು ಸತ್ತ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಚಿತ್ರಗಳ ನಡುವಿನ ಪಟ್ಟಿಯಲ್ಲಿ ಸಾಲು ಸಾಲು ಹಳಗನ್ನಡ ಅಕ್ಷರ. ನಿನ್ನೆ ಮೊನ್ನೆ ಕಡೆದಷ್ಟು ಚೂಪಾಗಿದ್ದವು. ಆ ಸೀಮೆಯಲ್ಲಿ ಪೂಜೆಯಿಲ್ಲದೆ ಬಯಲಲ್ಲಿ ನಿಂತ ಎಷ್ಟೋ ಕಲ್ಲುಗಳ ಅಕ್ಷರ ಮಳೆಗೆ ಸವೆದುಹೋದದ್ದನ್ನು ಕಂಡಿದ್ದೆ. ನಾನು ತಿಕ್ಕಿ ತೆಗೆಯಹೊರಟಿದ್ದ ಜಿಡ್ಡೇ ಇದನ್ನು ಕಾಪಾಡಿತ್ತು.

ಓದಿ ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ. ಇದು ಹಾಲವ್ವ ಅಲ್ಲವೆಂದರೆ ಊರಿಗೆ ಈ ಕಲ್ಲು ಯಾಕೆ ಬೇಕು? ಬಾಗಿಲ ಸಂದಿಯಲ್ಲಿ ಕೂಸನ್ನು ಎದೆಗವಚಿ ನಿಂತಿದ್ದ ನೀಲವ್ವನಿಗೆ ಏನು ಹೇಳಲಿ? ಏನು ಬರೆದಿದೆ ಹೇಳೆಂದು ಹಟ ಹಿಡಿದ ಗಂಗವ್ವ ಬಿಡಬೇಕಲ್ಲ. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಳ್ಳರು ಊರಿನ ದನ ಹೊಡೆದುಕೊಂಡು ಹೋದಾಗ ಇವನು ಬೆನ್ನಟ್ಟಿ ಕಾದಾಡಿ, ದನಗಳನ್ನು ತಿರುಗಿಸಿ ಕಳಿಸಿ, ತಾನು ಸತ್ತ. ಹೆಸರಿದ್ದ ಜಾಗದಲ್ಲಿ ಚೆಕ್ಕೆ ಎದ್ದಿದೆ.

ಮುದುಕಿ ಮುಂದೆ ಬಂದು ಅವನ ಮುಖದ ಮೇಲಿನ ನೀರನ್ನು ತನ್ನ ಸೆರಗಿನಿಂದಲೇ ಒರೆಸಿದಳು.

“ದನಾ ಹೋಗಿದ್ವು ಅಂದ್ರ ಅವತ್ತ ಊರಾಗಿನ ಕೂಸುಗೋಳಿಗೆ ಹಾಲು ಎಲ್ಲಿಂದ ಬರ್ತಿದ್ವು, ತಮ್ಮಾ? ಹಾಲು ಕೊಟ್ಟಾಂವ ಇಂವನ ಹೌದಲ್ಲ?”

ಸಂಜೆ ಹಸಿ ಪಡಿಯಚ್ಚನ್ನೇ ಮಾಮಲೇದಾರರ ಮುಂದೆ ಹರವಿದೆ. ಅವರು ಮಾತು ಉಳಿಸಿಕೊಂಡರು. ಓವರ್ಸಿಯರ್ ಗೊಣಗುತ್ತಲೇ ಗೂಟ ಕಿತ್ತ.

ಕಲ್ಲು ಏನು ಹೇಳುತ್ತದೆ ಎಂದು ಓದಲು ನನಗೆ ಸಂಬಳ ಕೊಡುತ್ತಿದ್ದರು. ಅದನ್ನು ಊರು ಏನೆಂದು ಕರೆಯುತ್ತದೆ, ಯಾಕೆ ಕರೆಯುತ್ತದೆ ಎಂದು ಮೊದಲು ಕೇಳಬೇಕೆನ್ನುವುದನ್ನು ಕಲಿಸಿದವರು ಆ ಅತ್ತೆ-ಸೊಸೆ. ಮುಂದಿನ ಸುಗ್ಗಿಯಲ್ಲಿ ಹಿರೇಕೆರೂರಿಗೆ ಹೋಗುವಾಗ ಅದೇ ಹೊಸ ರಸ್ತೆಯ ತಿರುವಿನಲ್ಲಿ ಚಕ್ಕಡಿಯಿಂದ ಇಳಿದೆ. ನೀಲವ್ವ ಆ ಮೀಸೆಯವನ ನೆರಳಿನಲ್ಲಿ ಕೂತು, ನನ್ನ ಕಡೆ ಬೆನ್ನು ಮಾಡಿ, ಗುಂಡುಗುಂಡಗಾದ ಕೂಸಿಗೆ ಹಾಲು ಕುಡಿಸುತ್ತಿದ್ದಳು.